ಹಿಮಾಲಯಕ್ಕೆ ಯಾವ ನೀರಿನ ಬಾಟಲಿ? ಪುಣೆಯ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿ

ಪುಣೆ ಪಕ್ಕದ ಸಿಂಹಗಡ ಕೋಟೆ ಹತ್ತಲು ಯಾವ ಬಾಟಲಿ ಆದರೂ ನಡೆಯುತ್ತದೆ. ರೈಲ್ವೆ ಸ್ಟೇಷನ್ನಿನಲ್ಲಿ ಕೊಂಡಿದ್ದೂ ಸಾಕು, ಮಗನ ಸ್ಕೂಲ್ ಬಾಟಲಿಯೂ ಸಾಕು. ನೀರು ಮುಗಿದರೆ ದಾರಿಯಲ್ಲಿ ಮಜ್ಜಿಗೆ, ನಿಂಬೆ ಶರಬತ್ತು ಮಾರುವವರು ಕೂತಿರುತ್ತಾರೆ. ಮೇಲೆ ಹೋದರೆ ಮಡಕೆ ಮೊಸರು ಇದ್ದೇ ಇದೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ ಕೂಡ 1,646 ಮೀಟರ್ ಅಷ್ಟೇ. ಸಹ್ಯಾದ್ರಿಯಲ್ಲಿ ನೀರು ಬಿಸಿಯಾಗುತ್ತದೆ, ಇಲ್ಲವೇ ಖಾಲಿಯಾಗುತ್ತದೆ. ಹೆಪ್ಪುಗಟ್ಟುವ ಮಾತೇ ಇಲ್ಲ.

ಇಲ್ಲಿನ ನಮ್ಮ ಕನ್ನಡದ ಹುಡುಗ ಹುಡುಗಿಯರಲ್ಲಿ ಈಗ ಎತ್ತರದ ಬೆಟ್ಟದ ಹುಚ್ಚು ಜಾಸ್ತಿಯಾಗಿದೆ. ಊರಿನ ಗಾಳಿಯೂ ಹಾಗೇ ಇದೆ. ಪುಣೆಯ ಗಿರಿಪ್ರೇಮಿ ತಂಡ 2012ರಲ್ಲಿ ಎವರೆಸ್ಟ್ ಹತ್ತಿ ಬಂದ ಊರು ಇದು. ರಾಜಗಡ, ತೋರಣಾ ಕೋಟೆ ಸುತ್ತಿದವರು ಮುಂದೆ ಮನಾಲಿಯ ಫ್ರೆಂಡ್‌ಶಿಪ್ ಪೀಕ್ (5,289 ಮೀಟರ್), ಲಡಾಖಿನ ಕಾಂಗ್ ಯಾತ್ಸೆ-2 (ಸುಮಾರು 6,250 ಮೀಟರ್) ಅಂತ ಹೊರಡುತ್ತಾರೆ. ಶೂ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ, ಜಾಕೆಟ್‌ಗೆ ನಾಲ್ಕು ಅಂಗಡಿ ಅಲೆಯುತ್ತಾರೆ. ಬಾಟಲಿ ಮಾತ್ರ ಹೊರಡುವ ಹಿಂದಿನ ದಿನ ನೆನಪಾಗುತ್ತದೆ. ಆಮೇಲೆ ಕೈಗೆ ಸಿಕ್ಕಿದ್ದನ್ನು ಸ್ಯಾಕ್‌ಗೆ ತುರುಕುತ್ತಾರೆ.

ನನ್ನ ಪ್ರಕಾರ ಬಾಟಲಿಯನ್ನು ಅಂಗಡಿಯಲ್ಲಿ ಆರಿಸುವುದಲ್ಲ, ಮನೆಯಲ್ಲಿ ಪರೀಕ್ಷೆ ಮಾಡಿ ಆರಿಸಬೇಕು. ಪುಣೆಯಲ್ಲಿ ಹಿಮ ಇಲ್ಲದಿದ್ದರೇನು, ಫ್ರಿಜ್‌ನ ಫ್ರೀಜರ್ ಇದೆಯಲ್ಲ. ಸರಿಯಾಗಿ ಕೆಲಸ ಮಾಡುವ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿ ಹತ್ತಿರ ಇರುತ್ತದೆ. ಶಿಖರಕ್ಕೆ ಹೊರಡುವ ರಾತ್ರಿಯ ಚಳಿಯೂ ಹೆಚ್ಚುಕಡಿಮೆ ಅಷ್ಟೇ ಇರಬಹುದು.

ಮೊದಲು: ಈ ಬಾಟಲಿ ಏನೇನು ಮಾಡಬೇಕು?

ಬೇಸ್ ಕ್ಯಾಂಪ್ ದಾಟಿದ ಮೇಲೆ ಬಾಟಲಿಗೆ ನಾಲ್ಕು ಕೆಲಸ. ಸ್ಟೌ ಮೇಲಿಂದ ಇಳಿಸಿದ ನೀರನ್ನು ಹಾಗೇ ಸುರಿದರೂ ಮೆತ್ತಗಾಗಬಾರದು. ಚಳಿಯಲ್ಲಿ ಬಿದ್ದರೆ ಸೀಳಬಾರದು. ದಪ್ಪ ಗ್ಲೌಸ್ ಹಾಕಿಕೊಂಡೇ ಮುಚ್ಚಳ ತೆಗೆಯಲು, ಹಾಕಲು ಬರಬೇಕು. ಇನ್ನು ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಮಲಗಿದಾಗ ಒಂದು ಹನಿಯೂ ಸೋರಬಾರದು. ಬಣ್ಣ, ಕಂಪನಿ, ಮೇಲಿನ ಬೆಟ್ಟದ ಚಿತ್ರ, ಇದೆಲ್ಲ ಆಮೇಲೆ.

ಬಾಯಿ ನೋಡಿ, ಆಮೇಲೆ ಮೈ ನೋಡಿ

ಅಂಗಡಿಯಲ್ಲಿ ಬಾಟಲಿ ಎತ್ತಿಕೊಂಡ ತಕ್ಷಣ ಮುಚ್ಚಳ ತೆಗೆದು ಬಾಯಿ ನೋಡಿ. ಆರು ಸೆಂಟಿಮೀಟರ್ ಆಸುಪಾಸು ಅಗಲ ಇರಬೇಕು. ನಾಲ್ಗೀನ್ ಕಂಪನಿಯ ಅಗಲ ಬಾಯಿಯ ಒಂದು ಲೀಟರ್ ಬಾಟಲಿ ಪರ್ವತಾರೋಹಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಮುಖ್ಯ ಕಾರಣವೇ ಇದು. ಅದೇ ಅಳತೆಯ ಬೇರೆ ಕಂಪನಿಗಳ ಬಾಟಲಿಯೂ ಆಗುತ್ತದೆ.

ಅಗಲ ಬಾಯಿ ಯಾಕೆ? ಸಣ್ಣ ಬಾಯಿ ಬೇಗ ಹಿಮ ಕಟ್ಟುತ್ತದೆ. ಅಗಲ ಬಾಯಿಯಲ್ಲಿ ಮೇಲೆ ತೆಳ್ಳಗೆ ಹಿಮದ ಪದರ ಕಟ್ಟಿದರೂ ಚಮಚದ ಹಿಡಿಯಿಂದ ಒಡೆದು ಕುಡಿಯಬಹುದು. ಕಗ್ಗತ್ತಲಲ್ಲಿ, ತಲೆದೀಪದ ಬೆಳಕಿನಲ್ಲಿ, ಟೆಂಟ್ ಬಾಗಿಲಲ್ಲಿ ಕೂತು ಪಾತ್ರೆಯಿಂದ ಬಿಸಿನೀರು ಸುರಿಯುವಾಗ ಕೈ ಮೇಲೆ ಚೆಲ್ಲಿಕೊಳ್ಳುವ ಭಯ ಕಡಿಮೆ. ಓಆರ್‌ಎಸ್ ಪುಡಿ ಹಾಕಲು ಸುಲಭ. ವಾಪಸ್ ಬಂದ ಮೇಲೆ ಕೈ ಹಾಕಿ ತೊಳೆಯಲೂ ಸುಲಭ.

ಮುಚ್ಚಳ ಬಾಟಲಿಗೆ ಪಟ್ಟಿಯಿಂದ ಸೇರಿರಬೇಕು. ಬೇರೆಯಾಗಿರುವ ಮುಚ್ಚಳ ಗ್ಲೌಸ್ ಕೈಯಿಂದ ಜಾರಿ ಹಿಮದ ಇಳಿಜಾರಿನಲ್ಲಿ ಉರುಳಿತು ಅಂದರೆ ಕಥೆ ಮುಗಿಯಿತು. ಆ ಪಟ್ಟಿಯನ್ನು ಒಮ್ಮೆ ಜೋರಾಗಿ ಎಳೆದು ನೋಡಿ. ಅಗ್ಗದ ಬಾಟಲಿಗಳಲ್ಲಿ ಮೊದಲು ಕಿತ್ತು ಬರುವುದೇ ಅದು.

ಬಟನ್ ಒತ್ತಿದರೆ ತೆರೆಯುವ ಮುಚ್ಚಳ, ಒಳಗೆ ಸ್ಟ್ರಾ ಇರುವ ಮುಚ್ಚಳ, ಮಕ್ಕಳ ಸಿಪ್ಪರ್ ತರಹದ್ದು, ಯಾವುದೂ ಬೇಡ. ಸ್ಪ್ರಿಂಗ್ ಹತ್ತಿರ ಒಂದು ಹನಿ ನೀರು ನಿಂತು ಗಟ್ಟಿಯಾದರೆ ಬಟನ್ ಅಲ್ಲಾಡುವುದಿಲ್ಲ. ಸ್ಟ್ರಾ ಬಾಟಲಿಗೆ ಇನ್ನೊಂದು ಕಾಟವೂ ಇದೆ. ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ತೆರೆದ ಕೂಡಲೇ ನೀರು ಸ್ಟ್ರಾದಿಂದ ಚಿಮ್ಮಿ ಮುಖಕ್ಕೆ ಬರುತ್ತದೆ. ಮನಾಲಿಯ ಬಿಸಿಲಲ್ಲಿ ಅದು ತಮಾಷೆ. ಮೈನಸ್ ಹದಿನೈದರಲ್ಲಿ ಜಾಕೆಟ್ ಮೇಲೆ ನೀರು ಚೆಲ್ಲುವುದು ತಮಾಷೆಯಲ್ಲ.

ಯಾವುದರಿಂದ ಮಾಡಿದ್ದು?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಪ್ಲಾಸ್ಟಿಕ್ಕಿನಲ್ಲಿ ನಿಮಗೆ ಬೇಕಾದದ್ದು ಎರಡು ಬಗೆ. ಒಂದು ಟ್ರೈಟಾನ್. ಗಾಜಿನ ಹಾಗೆ ಪಾರದರ್ಶಕ, ಗಟ್ಟಿ. ಎಷ್ಟು ನೀರು ಉಳಿದಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಒಂದು ಲೀಟರ್ ಬಾಟಲಿ ಸುಮಾರು 180 ಗ್ರಾಂ ತೂಗುತ್ತದೆ. ಇನ್ನೊಂದು ಎಚ್‌ಡಿಪಿಇ. ಹಾಲಿನಂತೆ ಮಬ್ಬಾದ ಬಿಳಿ, ಒತ್ತಿದರೆ ಸ್ವಲ್ಪ ಬಾಗುತ್ತದೆ, ತಳದಲ್ಲಿ ತ್ರಿಕೋನದೊಳಗೆ 2 ಅಂತ ಅಂಕಿ ಇರುತ್ತದೆ. ತೂಕ ಸುಮಾರು 110 ಗ್ರಾಂ. ನೋಡಲು ಲ್ಯಾಬೊರೇಟರಿಯ ಡಬ್ಬದ ಹಾಗಿದೆ, ಚೆಂದ ಇಲ್ಲ. ಆದರೆ ನನ್ನ ಓಟು ಇದಕ್ಕೇ. ಹಗುರ, ಬೆಲೆ ಕಡಿಮೆ, ಚಳಿಯಲ್ಲಿ ಬಿದ್ದರೂ ಸೀಳದೆ ಬಾಗಿ ತಡೆಯುತ್ತದೆ. ಶುರುವಿನಲ್ಲಿ ನೀರಿಗೆ ಸ್ವಲ್ಪ ಪ್ಲಾಸ್ಟಿಕ್ ವಾಸನೆ ಬರಬಹುದು. ಅಡುಗೆ ಸೋಡಾ ಪುಡಿ ಹಾಕಿದ ಬಿಸಿನೀರನ್ನು ಒಂದು ರಾತ್ರಿ ಇಟ್ಟು ತೊಳೆದರೆ ಬಹುಪಾಲು ಹೋಗುತ್ತದೆ.

ಅಪ್ಪನ ಕಾಲದ ಹಳೆಯ ಗಟ್ಟಿ ಪಾರದರ್ಶಕ ಬಾಟಲಿ ಅಟ್ಟದಲ್ಲಿದ್ದರೆ ಅಲ್ಲೇ ಇರಲಿ. ಹಿಂದೆ ಇವನ್ನು ಪಾಲಿಕಾರ್ಬೊನೇಟ್‌ನಿಂದ ಮಾಡುತ್ತಿದ್ದರು, ಅದರಲ್ಲಿ ಬಿಪಿಎ ಅನ್ನುವ, ಆರೋಗ್ಯಕ್ಕೆ ಒಳ್ಳೆಯದಲ್ಲ ಅನ್ನುವ ಅನುಮಾನದ ರಾಸಾಯನಿಕ ಇತ್ತು. ನಾಲ್ಗೀನ್ 2008ರಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿತು. ಕುದಿಯುವ ನೀರು ಹಾಕುವ ಬಾಟಲಿ ಅದಾಗಬಾರದು.

ಅಂಗಡಿಯಲ್ಲಿ ಸಿಗುವ ಮಿನರಲ್ ವಾಟರ್ ಬಾಟಲಿ ಪೆಟ್ ಪ್ಲಾಸ್ಟಿಕ್‌ನದು. ಮೂವತ್ತು ಗ್ರಾಂ ಕೂಡ ಇರುವುದಿಲ್ಲ, ಹಾಗಾಗಿ ಆಸೆ ಹುಟ್ಟುತ್ತದೆ. ಆದರೆ ಬಿಸಿನೀರು ಸುರಿದರೆ ಸುಟ್ಟ ಹಪ್ಪಳದ ಹಾಗೆ ಮುದುರಿಕೊಳ್ಳುತ್ತದೆ. ಬೇಸ್ ಕ್ಯಾಂಪ್‌ವರೆಗಿನ ದಾರಿಯಲ್ಲಿ ತಣ್ಣೀರಿಗೆ ಸರಿ, ಅದರಾಚೆಗೆ ಬೇಡ.

ಒಂದೇ ಪದರದ ಸ್ಟೀಲ್ ಬಾಟಲಿ? ಬಿಸಿನೀರು ಹಾಕಿದರೆ ಹಿಡಿಯಲು ಆಗುವುದಿಲ್ಲ, ತಣ್ಣೀರು ಹಾಕಿದರೆ ತುಟಿ ಅಂಟುವಷ್ಟು ಚಳಿ. ಅಲ್ಯುಮಿನಿಯಂ ಇನ್ನೂ ಕಷ್ಟ. ಬೇಗ ಆರುತ್ತದೆ, ಒಳಗೆ ಹೆಪ್ಪುಗಟ್ಟಿದರೆ ಉಬ್ಬುತ್ತದೆ. ಒಂದು ಗುಣ ಮಾತ್ರ ಒಪ್ಪಬೇಕು. ಒಳಗೆ ಬಣ್ಣ ಲೇಪನ ಇಲ್ಲದ, ಒಂದೇ ಪದರದ ಸ್ಟೀಲ್ ಬಾಟಲಿಯಲ್ಲಿ ನೀರು ಗಟ್ಟಿಯಾದರೆ ಮುಚ್ಚಳ ತೆಗೆದು ಸ್ಟೌ ಪಕ್ಕದಲ್ಲಿಟ್ಟು ಕರಗಿಸಬಹುದು.

"ತಾಮ್ರದ ಬಾಟಲಿ ಒಯ್ಯಬಹುದಾ ಅಣ್ಣ? ಅಮ್ಮ ಅದೇ ತಗೊಂಡು ಹೋಗು ಅಂತಿದಾಳೆ." ಈ ಪ್ರಶ್ನೆ ಪ್ರತಿ ಸೀಸನ್‌ನಲ್ಲೂ ಬರುತ್ತದೆ. ಬೇಡ ತಮ್ಮ. ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಬಿಸಿಯನ್ನು ದಾಟಿಸುತ್ತದೆ. ಅಂದರೆ ನೀರಿನ ಬಿಸಿ ಹೊರಗೆ ಹೋಗಲು ಹೆದ್ದಾರಿ ಮಾಡಿಕೊಟ್ಟಂತೆ. ಜೊತೆಗೆ ಬೆಟ್ಟದಲ್ಲಿ ನಾವು ನಿಂಬೆ ಪುಡಿ, ಎಲೆಕ್ಟ್ರೋಲೈಟ್ ಬೆರೆಸುತ್ತೇವೆ. ಹುಳಿಯನ್ನು ತಾಮ್ರದಲ್ಲಿ ಇಡಬಾರದು ಅಂತ ಅದೇ ಅಮ್ಮಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅಲ್ವಾ?

ಈಗ ಅಡುಗೆಮನೆಗೆ ಬನ್ನಿ

ಬಾಟಲಿ ತಂದಾಯಿತು. ಬಿಲ್ ಬಿಸಾಡಬೇಡಿ. ಹೊರಡಲು ಮೂರು ವಾರ ಇರುವಾಗಲೇ ಈ ಪರೀಕ್ಷೆ ಮುಗಿಸಿ, ಬದಲಾಯಿಸಲು ಸಮಯ ಇರುತ್ತದೆ.

ಮೊದಲ ಪರೀಕ್ಷೆ ಬಿಸಿಯದು. ಖಾಲಿ ಬಾಟಲಿಯನ್ನು ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ತೆಗೆದು ಸಿಂಕ್‌ನಲ್ಲಿ ನಿಲ್ಲಿಸಿ, ಕುದಿಯುವ ನೀರು ಸುರಿಯಿರಿ. ಕೈ ದೂರ ಇರಲಿ. ಬೆಟ್ಟದಲ್ಲಿ ನಡೆಯುವುದೂ ಇದೇ: ಟೆಂಟ್‌ನಲ್ಲಿ ಚಳಿಗೆ ಬಿದ್ದಿದ್ದ ಬಾಟಲಿಗೆ ಸ್ಟೌ ನೀರು. ಇಲ್ಲಿ ಒಂದು ಅನುಕೂಲ ಇದೆ. ಎತ್ತರ ಸುಮಾರು 300 ಮೀಟರ್ ಏರಿದರೆ ನೀರು ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 98 ಡಿಗ್ರಿಗೆ ಕುದಿಯುತ್ತದೆ. 5,000 ಮೀಟರ್‌ನಲ್ಲಿ 83ಕ್ಕೇ ಕುದಿಯುತ್ತದೆ. ಹಾಗಾಗಿ ಮನೆಯ ಪರೀಕ್ಷೆ ಬೆಟ್ಟದ್ದಕ್ಕಿಂತ ಕಠಿಣ. ಇಲ್ಲಿ ಪಾಸಾದರೆ ಅಲ್ಲಿಯೂ ಪಾಸು.

ಅದೇ ಬಿಸಿನೀರಿನ ಮುಚ್ಚಳ ಬಿಗಿಯಾಗಿ ಹಾಕಿ, ಹಳೆ ಪೇಪರ್ ಮೇಲೆ ಅಡ್ಡ ಮಲಗಿಸಿ. ಒಂದು ಗಂಟೆ ಬಿಟ್ಟು ತಲೆಕೆಳಗೆ ನಿಲ್ಲಿಸಿ, ರಾತ್ರಿಯವರೆಗೆ ಬಿಡಿ. ಪೇಪರ್ ಮೇಲೆ ಒಂದು ಒದ್ದೆ ಚುಕ್ಕೆ ಕಂಡರೂ ಆ ಬಾಟಲಿ ಆಫೀಸಿಗೆ ಸರಿ, ಬೆಟ್ಟಕ್ಕೆ ಬೇಡ. ಸ್ಲೀಪಿಂಗ್ ಬ್ಯಾಗ್‌ನೊಳಗೆ ತುಂಬಿದ ಹಕ್ಕಿ ಗರಿ ಒದ್ದೆಯಾದರೆ ಬೆಚ್ಚಗಿಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಎತ್ತರದಲ್ಲಿ ಅದನ್ನು ಒಣಗಿಸುವ ದಾರಿಯೂ ಇರುವುದಿಲ್ಲ.

ಎರಡನೆಯದು ಚಳಿ. ಬಾಟಲಿಗೆ ಮುಕ್ಕಾಲು ಮಾತ್ರ ನೀರು ತುಂಬಿ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಕಂಠದವರೆಗೆ ತುಂಬಿದರೆ ಎಂಥ ಬಾಟಲಿಯೂ ಸೀಳಬಹುದು. ಫ್ರೀಜರ್‌ನಲ್ಲಿ ಮೂರು ನಾಲ್ಕು ಗಂಟೆ ಇಡಿ. ಮನೆಯವರಿಗೆ ಮೊದಲೇ ಹೇಳಿಬಿಡಿ, ಐಸ್‌ಕ್ರೀಂ ಡಬ್ಬ ಹೊರಗಿಟ್ಟ ಸಿಟ್ಟನ್ನು ಯಾವ ಶಿಖರವೂ ಕರಗಿಸುವುದಿಲ್ಲ. ತೆಗೆದ ಕೂಡಲೇ ಗ್ಲೌಸ್ ಹಾಕಿಕೊಂಡು ಮುಚ್ಚಳ ತೆಗೆಯಿರಿ. ಬೆಟ್ಟಕ್ಕೆ ಒಯ್ಯುವ ಅದೇ ಗ್ಲೌಸ್ ಆಗಬೇಕು, ಬೈಕಿನದಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಮಾಡಿ. ತಿರುಪು ಸರಿಯಾಗಿ ಕೂತಿತಾ ಇಲ್ಲವಾ ಅಂತ ಕೈಗೇ ತಿಳಿಯಬೇಕು.

ಮೂರನೆಯದು, ಅರ್ಧ ಗಟ್ಟಿಯಾದ ಆ ಬಾಟಲಿಯನ್ನು ಸೊಂಟದ ಎತ್ತರದಿಂದ ಕಾಂಪೌಂಡಿನ ಸಿಮೆಂಟ್ ನೆಲಕ್ಕೆ ಬೀಳಿಸಿ. ಸುಮ್ನೆ ಇಡುವುದಲ್ಲ, ಬೀಳಿಸುವುದೇ. ಆಮೇಲೆ ಮುಚ್ಚಳದ ಅಂಚಿನಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಒಡೆಯುವುದು ಹೆಚ್ಚಾಗಿ ಮುಚ್ಚಳ, ಬಾಟಲಿ ಅಲ್ಲ.

ಥರ್ಮಾಸ್: ಬಾಟಲಿಯ ಬದಲಿಗಲ್ಲ, ಬಾಟಲಿಯ ಜೊತೆಗೆ

ಶಿಖರದ ದಿನ ಮಧ್ಯರಾತ್ರಿ ಆಸುಪಾಸು ಹೊರಡುತ್ತೀರಿ. ಬೆಳಗಿನ ಜಾವ ಚಳಿ ಹೆಚ್ಚಾದಾಗ ಒಂದು ಗುಟುಕು ಬಿಸಿ ನೀರು ಹೊಟ್ಟೆಗೆ ಹೋದರೆ ಮನಸ್ಸು ತಿರುಗಿ ನೆಟ್ಟಗಾಗುತ್ತದೆ. ಅದಕ್ಕೆ ಸ್ಟೀಲ್ ಥರ್ಮಾಸ್ ಬೇಕು. ಒಳಗೆ ಗಾಜು ಇರುವ ಮನೆಯ ಫ್ಲಾಸ್ಕ್ ಒಯ್ಯಬೇಡಿ. ಆಸ್ಪತ್ರೆಗೆ ಗಂಜಿ ಒಯ್ಯಲು ಅದು ಸರಿ.

ಎಷ್ಟು ದೊಡ್ಡದು? ಒಂದು ಲೀಟರ್‌ನದು ಖಾಲಿ ಇದ್ದಾಗಲೇ ಅರ್ಧ ಕೇಜಿ ಆಸುಪಾಸು ಇರುತ್ತದೆ. ಒಬ್ಬರಿಗೆ 500ರಿಂದ 750 ಮಿಲಿ ಸಾಕು. ಇಬ್ಬರು ಒಂದೇ ಹಗ್ಗ ಕಟ್ಟಿಕೊಂಡು ಜೊತೆಯಾಗಿ ಏರುತ್ತಿದ್ದರೆ ಒಂದು ಲೀಟರ್‌ನದನ್ನು ಹಂಚಿಕೊಳ್ಳಬಹುದು.

ಡಬ್ಬದ ಮೇಲೆ 24 ಗಂಟೆ ಬಿಸಿ ಅಂತ ಬರೆದಿರುತ್ತಾರೆ. ಆ ಲೆಕ್ಕ ಹದವಾದ ಕೋಣೆಯಲ್ಲಿ, ಕುದಿಯುವಷ್ಟು ಬಿಸಿ ನೀರು ತುಂಬಿ, ನಡುವೆ ಮುಚ್ಚಳ ತೆಗೆಯದೆ ಮಾಡಿದ್ದು. ನಿಮ್ಮ ನೀರು ಕುದಿಯುವುದೇ 83 ಡಿಗ್ರಿಗೆ, ಹೊರಗೆ ಮೈನಸ್, ಮೇಲಾಗಿ ಗಂಟೆಗೊಮ್ಮೆ ಮುಚ್ಚಳ ತೆಗೆಯುತ್ತೀರಿ. ಹಾಗಾಗಿ ಮೊದಲು ಸ್ವಲ್ಪ ಬಿಸಿನೀರು ಹಾಕಿ ಐದು ನಿಮಿಷ ಇಟ್ಟು ಅದನ್ನು ಪಾತ್ರೆಗೆ ವಾಪಸ್ ಸುರಿಯಿರಿ. ಆಮೇಲೆ ತುಂಬಿ. ಪೂರ್ತಿ ತುಂಬಿದ್ದು ಅರ್ಧ ತುಂಬಿದ್ದಕ್ಕಿಂತ ಜಾಸ್ತಿ ಹೊತ್ತು ಬಿಸಿ ಇರುತ್ತದೆ. ಮುಚ್ಚಳ ಪೂರ್ತಿ ತಿರುಗಿಸಿ ತೆಗೆಯುವ ಬಗೆಯೇ ಇರಲಿ. ಥರ್ಮಾಸ್‌ನಲ್ಲಿ ನೀರು ತುಂಬಿ ಫ್ರೀಜರ್ ಪರೀಕ್ಷೆ ಮಾಡಬೇಡಿ. ಹಿಗ್ಗಿದ ಹಿಮ ಒಳಗಿನ ಗೋಡೆ ಕೆಡಿಸುತ್ತದೆ, ಆಮೇಲೆ ಅದು ಬರೀ ಭಾರದ ಲೋಟ.

ನನ್ನ ಸಲಹೆ ಇಷ್ಟು: ಅಗಲ ಬಾಯಿಯ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ಎರಡು, ಸಣ್ಣ ಥರ್ಮಾಸ್ ಒಂದು. ಎರಡು ಲೀಟರ್‌ನ ಒಂದೇ ಬಾಟಲಿ ಬೇಡ. ಅದು ಸೋರಿದರೆ ಎಲ್ಲವೂ ಹೋಯಿತು.

ಪೈಪ್ ಇರುವ ನೀರಿನ ಚೀಲ

ಹೈಡ್ರೇಶನ್ ಬ್ಲಾಡರ್ ಸಹ್ಯಾದ್ರಿಯಲ್ಲಿ ವರ. ಹಿಮದ ಮೇಲೆ ಮೊದಲು ಹೆಪ್ಪುಗಟ್ಟುವುದು ಅದರ ಪೈಪ್. ಪ್ರತಿ ಗುಟುಕಿನ ನಂತರ ಪೈಪ್‌ನೊಳಗೆ ಊದಿ ನೀರನ್ನು ಚೀಲಕ್ಕೆ ತಳ್ಳಿದರೆ ಸ್ವಲ್ಪ ತಡೆಯುತ್ತದೆ, ಆದರೆ ಏದುಸಿರು ಬಿಡುವಾಗ ಅದು ನೆನಪಿರುವುದಿಲ್ಲ. ಬೇಸ್ ಕ್ಯಾಂಪ್‌ವರೆಗೆ ಬಳಸಿ, ಮೇಲೆ ಹೋಗುವಾಗ ಅಲ್ಲೇ ಬಿಟ್ಟುಹೋಗಿ.

ಬಾಟಲಿಗೆ ಬಟ್ಟೆ

ಬಾಟಲಿಗೆಂದೇ ದಪ್ಪ ಕವಚ ಸಿಗುತ್ತದೆ. ಸಿಗದಿದ್ದರೆ ಪುಣೆಯ ಬೋಹರಿ ಆಳಿ ಮಾರುಕಟ್ಟೆಯ ಕಡೆ ಹೋಗಿ ಫೋಮ್ ಶೀಟ್ ತನ್ನಿ, ಬಾಟಲಿಯ ಸುತ್ತ ಕತ್ತರಿಸಿ ಟೇಪ್ ಸುತ್ತಿ. ಮೇಲೆ ದಪ್ಪ ಉಣ್ಣೆ ಕಾಲುಚೀಲ ಎಳೆಯಿರಿ. ತಳ ಮತ್ತು ಮುಚ್ಚಳಕ್ಕೂ ಫೋಮ್ ಇರಬೇಕು, ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಸ್ಯಾಕ್‌ನ ಹೊರಗಿನ ಜೇಬಿನಲ್ಲಿ ಬಾಟಲಿ ಇಡುವುದು ಕೋಟೆಯ ಟ್ರೆಕ್‌ನ ಅಭ್ಯಾಸ. ಶಿಖರದ ರಾತ್ರಿ ಒಂದು ಬಾಟಲಿ ಸ್ಯಾಕ್‌ನೊಳಗೆ, ಬೆನ್ನಿನ ಕಡೆ, ಜಾಕೆಟ್ ಸುತ್ತಿ ಇರಲಿ. ಅದನ್ನು ತಲೆಕೆಳಗಾಗಿ ಇಡಿ. ಹಿಮ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ತಲೆಕೆಳಗಾಗಿದ್ದರೆ ಗಟ್ಟಿಯಾಗುವುದು ತಳದ ಕಡೆ, ಮುಚ್ಚಳದ ಕಡೆಯ ನೀರು ಹೆಚ್ಚು ಹೊತ್ತು ನೀರಾಗಿಯೇ ಇರುತ್ತದೆ. ಇದನ್ನು ಮಾಡಬೇಕಾದರೆ ಸೋರದ ಮುಚ್ಚಳ ಬೇಕೇ ಬೇಕು.

ಎಷ್ಟು ನೀರು, ಎಲ್ಲಿಂದ?

ಎತ್ತರದಲ್ಲಿ ಗಾಳಿ ಒಣ, ಉಸಿರು ಜೋರು. ಬೆವರು ಕಾಣದಿದ್ದರೂ ನೀರು ಹೋಗುತ್ತಲೇ ಇರುತ್ತದೆ. ದಿನಕ್ಕೆ ಸೂಪ್, ಚಹಾ ಎಲ್ಲ ಸೇರಿ ಮೂರರಿಂದ ನಾಲ್ಕು ಲೀಟರ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕಿಂತ ಬಲವಂತವಾಗಿ ಕುಡಿಯುವುದೂ ತಪ್ಪು. ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿ ಅದೇ ಒಂದು ಕಾಯಿಲೆಯಾಗುತ್ತದೆ. ಇನ್ನೊಂದು ಮಾತು. ನೀರು ಕುಡಿದರೆ ಎತ್ತರದ ಕಾಯಿಲೆ ಬರುವುದೇ ಇಲ್ಲ ಅನ್ನುವುದು ಸುಳ್ಳು. ನಿಧಾನವಾಗಿ ಏರುವುದೇ ಅದಕ್ಕೆ ಮದ್ದು. ತಲೆನೋವು, ವಾಂತಿ ಇದ್ದರೆ ಬಾಟಲಿ ಎತ್ತಿ ಸಮಾಧಾನ ಮಾಡಿಕೊಳ್ಳಬೇಡಿ, ಲೀಡರ್‌ಗೆ ಹೇಳಿ.

ಮೇಲಿನ ಕ್ಯಾಂಪ್‌ನಲ್ಲಿ ಹಿಮ ಕರಗಿಸಿಯೇ ನೀರು. ಹೊಸ ಹಿಮ ಹತ್ತು ಪಾತ್ರೆ ಹಾಕಿದರೆ ಒಂದು ಪಾತ್ರೆ ನೀರು ಸಿಗುತ್ತದೆ ಅಂತ ಅಂದಾಜು. ಅದಕ್ಕೇ ಬಾಟಲಿಯ ತಳದಲ್ಲಿ ಎರಡು ಗುಟುಕು ನೀರು ಯಾವಾಗಲೂ ಉಳಿಸಿಕೊಳ್ಳಿ. ಪಾತ್ರೆಗೆ ಮೊದಲು ಅದನ್ನು ಸುರಿದು ಆಮೇಲೆ ಹಿಮ ಹಾಕಿದರೆ ತಳ ಸೀಯುವುದಿಲ್ಲ, ಬೇಗ ಕರಗುತ್ತದೆ. 2,000 ಮೀಟರ್ ಮೇಲೆ ಮೂರು ನಿಮಿಷ ಚೆನ್ನಾಗಿ ಕುದಿಸಿದರೆ ನೀರು ಕುಡಿಯಲು ಸುರಕ್ಷಿತ. ಕ್ಲೋರಿನ್ ಮಾತ್ರೆ ತಣ್ಣೀರಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ, ಜಾಸ್ತಿ ಹೊತ್ತು ಬಿಡಬೇಕು. ಸಣ್ಣ ನಳಿಕೆಗಳಿರುವ ಫಿಲ್ಟರ್ ಒಮ್ಮೆ ಒದ್ದೆಯಾದ ಮೇಲೆ ಹೆಪ್ಪುಗಟ್ಟಿದರೆ ಒಳಗೇ ಒಡೆದಿರಬಹುದು, ಹೊರಗೆ ಏನೂ ಕಾಣುವುದಿಲ್ಲ. ಒಯ್ಯುವುದಾದರೆ ಮೈಗೆ ಹತ್ತಿರ ಇಟ್ಟುಕೊಳ್ಳಿ.

ರಾತ್ರಿ, ಮತ್ತು ಆ ಇನ್ನೊಂದು ಬಾಟಲಿ

ಮಲಗುವ ಮೊದಲು ಎರಡೂ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲ ಹಾಕಿ, ಸ್ಲೀಪಿಂಗ್ ಬ್ಯಾಗ್ ಒಳಗೆ ಕಾಲ ಹತ್ತಿರ ಒಂದು, ಹೊಟ್ಟೆಯ ಹತ್ತಿರ ಒಂದು. ಬರೀ ಮೈಗೆ ತಾಗಿಸಬೇಡಿ, ನಿದ್ದೆಯಲ್ಲಿ ಚರ್ಮ ಸುಡುವುದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಅದೇ ನೀರು ಕುಡಿಯಲು ಸಿದ್ಧ, ಗ್ಯಾಸ್ ಉಳಿತಾಯ.

ನಾಚಿಕೆ ಬಿಟ್ಟು ಹೇಳಬೇಕಾದ್ದು: ಮೂತ್ರಕ್ಕೆ ಬೇರೆ ಬಾಟಲಿ ಬೇಕು. ಬಿರುಗಾಳಿಯ ರಾತ್ರಿ ಶೂ ಕಟ್ಟಿ ಹೊರಗೆ ಹೋಗುವುದು ಕಷ್ಟ ಮಾತ್ರವಲ್ಲ, ಇಳಿಜಾರಿನ ಕ್ಯಾಂಪ್‌ನಲ್ಲಿ ಅಪಾಯವೂ ಹೌದು. ಅಗಲ ಬಾಯಿಯದೇ ಇರಲಿ, ಒಂದು ಲೀಟರ್ ಇರಲಿ. ಹೆಂಗಸರಿಗೆ ಇದಕ್ಕೆಂದೇ ಸಿಲಿಕೋನ್ ಕೊಳವೆ ಸಿಗುತ್ತದೆ, ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಈ ಬಾಟಲಿ ಬೇರೆ ಬಣ್ಣದ್ದಾದರೆ ಸಾಲದು, ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ. ಆಕಾರವೇ ಬೇರೆ ಇರಲಿ, ಇಲ್ಲವೇ ಬಾಟಲಿಯ ಕುತ್ತಿಗೆಗೆ ಗಂಟು ಗಂಟಾದ ಹಗ್ಗ ಸುತ್ತಿ. ಕೈ ಮುಟ್ಟಿದ ಕೂಡಲೇ ತಿಳಿಯಬೇಕು.

ಹೊರಡುವ ದಿನ

ವಿಮಾನವಾದರೆ ಬಾಟಲಿ, ಥರ್ಮಾಸ್ ಎರಡನ್ನೂ ಖಾಲಿ ಮಾಡಿ ಸೆಕ್ಯೂರಿಟಿ ದಾಟಿ, ಒಳಗೆ ತುಂಬಿಕೊಳ್ಳಿ. ಪುಣೆಯಿಂದ ಝೇಲಂ ಎಕ್ಸ್‌ಪ್ರೆಸ್‌ನಲ್ಲೋ, ಬೆಳಗಾವಿ ಕಡೆಯಿಂದ ಬರುವ ಗೋವಾ ಎಕ್ಸ್‌ಪ್ರೆಸ್‌ನಲ್ಲೋ ಉತ್ತರಕ್ಕೆ ಹೋಗುವವರಿಗೆ ಆ ಕಾಟ ಇಲ್ಲ. ರೈಲಿನಲ್ಲೇ ಈ ಬಾಟಲಿ ಬಳಸಲು ಶುರು ಮಾಡಿ, ಮುಚ್ಚಳದ ತಿರುಪು ಕೈಗೆ ರೂಢಿಯಾಗುತ್ತದೆ. ಎತ್ತರದಲ್ಲಿ ಮುಚ್ಚಿದ ಖಾಲಿ ಬಾಟಲಿ ಕೆಳಗೆ ಬರುವಾಗ ಗಾಳಿಯ ಒತ್ತಡಕ್ಕೆ ಒಳಗೆ ಕುಸಿದರೆ ಗಾಬರಿ ಬೇಡ, ಮುಚ್ಚಳ ಸಡಿಲ ಮಾಡಿದರೆ ಸರಿಹೋಗುತ್ತದೆ.

ವಾಪಸ್ ಬಂದ ಮೇಲೆ ಮುಚ್ಚಳದ ವಾಷರ್ ಬಿಚ್ಚಿ ತೊಳೆಯಿರಿ. ಎಲೆಕ್ಟ್ರೋಲೈಟ್ ಪುಡಿಯ ಸಕ್ಕರೆ ಅಲ್ಲೇ ಸಿಕ್ಕಿಕೊಂಡು ಬೂಸ್ಟು ಹಿಡಿಯುತ್ತದೆ. ಪುಣೆಯ ಮಳೆಗಾಲದಲ್ಲಂತೂ ಮುಚ್ಚಳ ಹಾಕಿ ಇಡಲೇಬೇಡಿ, ತೆರೆದು ಬೋರಲು ಹಾಕಿ.